ಅಭಿಪ್ರಾಯ ಬಿಡಬಹುದು, ಜನರನ್ನು ಬಿಡುವುದು ಹೇಗೆ?

(ರಾಜಕೀಯ ಸಿದ್ಧಾಂತ ಒಬ್ಬ ವ್ಯಕ್ತಿಯ ಗುರುತೇ ಆಗಿಬಿಡುವುದು ಯಾಕೆ ಎಂಬ ವಿಷಯದ ಮೇಲೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಾತಿಗೆ ಮೊದಲು ಒಂದು ಲೆಕ್ಕ. ಪೆನ್ನು ಬೇಡ, ತಲೆಯಲ್ಲೇ ಮಾಡಿ.

ಚರ್ಮದ ಮೇಲೆ ಗುಳ್ಳೆ ಎದ್ದವರಿಗೆ ಒಂದು ಹೊಸ ಕ್ರೀಮ್ ಬಂದಿದೆ ಅಂತಿಟ್ಟುಕೊಳ್ಳಿ. ಕ್ರೀಮ್ ಹಚ್ಚಿಕೊಂಡವರಲ್ಲಿ 223 ಮಂದಿಗೆ ವಾಸಿಯಾಯಿತು, 75 ಮಂದಿಗೆ ಇನ್ನೂ ಜಾಸ್ತಿಯಾಯಿತು. ಹಚ್ಚಿಕೊಳ್ಳದವರಲ್ಲಿ 107 ಮಂದಿಗೆ ತಾನಾಗಿಯೇ ವಾಸಿಯಾಯಿತು, 21 ಮಂದಿಗೆ ಜಾಸ್ತಿಯಾಯಿತು. ಈಗ ಹೇಳಿ, ಕ್ರೀಮಿನಿಂದ ಉಪಯೋಗ ಆಯಿತೋ ಇಲ್ಲವೋ?

ಆಯಿತು ಅಂತ ತುಂಬಾ ಕೈಗಳು ಮೇಲೆದ್ದಿವೆ. 223 ದೊಡ್ಡ ಸಂಖ್ಯೆ, ಕಣ್ಣಿಗೆ ಅದೇ ಮೊದಲು ಬೀಳುತ್ತದೆ. ಆದರೆ ಸ್ವಲ್ಪ ನಿಧಾನವಾಗಿ ನೋಡಿ. ಹಚ್ಚಿಕೊಂಡವರಲ್ಲಿ ಒಬ್ಬರಿಗೆ ಕೆಟ್ಟರೆ ಮೂವರಿಗೆ ವಾಸಿಯಾಗಿದೆ. ಹಚ್ಚಿಕೊಳ್ಳದವರಲ್ಲಿ ಒಬ್ಬರಿಗೆ ಕೆಟ್ಟರೆ ಐವರಿಗೆ ವಾಸಿಯಾಗಿದೆ. ಅಂದರೆ ಸುಮ್ನೆ ಬಿಟ್ಟಿದ್ದರೇ ಚೆನ್ನಾಗಿತ್ತು.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಡಾನ್ ಕಹಾನ್ ಮತ್ತು ಜೊತೆಗಾರರು ಈ ಲೆಕ್ಕವನ್ನು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 1,111 ಜನರ ಮುಂದಿಟ್ಟರು. ಲೆಕ್ಕ ಚೆನ್ನಾಗಿ ಬರುವವರು ಸರಿಯಾಗಿ ಹೇಳಿದರು, ಬಾರದವರು ಎಡವಿದರು. ಇದರಲ್ಲೇನೂ ವಿಶೇಷ ಇಲ್ಲ. ವಿಶೇಷ ಇರುವುದು ಮುಂದೆ. ಇನ್ನು ಕೆಲವರಿಗೆ ಅದೇ ಸಂಖ್ಯೆಗಳನ್ನು ಕೊಟ್ಟು, ತಲೆಬರಹ ಮಾತ್ರ ಬದಲಿಸಿದರು. ಕ್ರೀಮ್ ಹೋಗಿ ಅಲ್ಲಿ ಬಂದೂಕು ಬಂತು. ಸಾರ್ವಜನಿಕ ಜಾಗದಲ್ಲಿ ಬಂದೂಕು ಬಚ್ಚಿಟ್ಟುಕೊಂಡು ಓಡಾಡುವುದನ್ನು ನಿಷೇಧಿಸಿದ ನಗರಗಳಲ್ಲಿ ಅಪರಾಧ ಇಳಿಯಿತೋ ಏರಿತೋ ಎನ್ನುವ ಪ್ರಶ್ನೆ. ಅಮೆರಿಕದಲ್ಲಿ ಈ ವಿಷಯ ಎತ್ತಿದರೆ ಸಾಕು, ಯಾರು ಯಾವ ಪಕ್ಷ ಅಂತ ಗೊತ್ತಾಗುತ್ತದೆ. ಈಗ ಲೆಕ್ಕದ ಬುದ್ಧಿ ಕೈ ಕೊಟ್ಟಿತು. ಸರಿಯಾದ ಉತ್ತರ ತಮ್ಮ ಪಕ್ಷಕ್ಕೆ ಅನುಕೂಲವಾಗಿದ್ದರೆ ಜನ ಅದನ್ನು ಕಂಡುಹಿಡಿದರು. ಅನುಕೂಲ ಇಲ್ಲದಿದ್ದರೆ ಮೊದಲು ಕಣ್ಣಿಗೆ ಬಿದ್ದ ದೊಡ್ಡ ಸಂಖ್ಯೆಯಲ್ಲೇ ನಿಂತುಬಿಟ್ಟರು. ಎರಡೂ ಪಕ್ಷದವರ ನಡುವಿನ ಅಂತರ ಅತಿ ಹೆಚ್ಚು ಕಂಡಿದ್ದು ಎಲ್ಲಿ ಗೊತ್ತಾ? ಲೆಕ್ಕ ಚೆನ್ನಾಗಿ ಬಲ್ಲವರಲ್ಲಿ.

ಈ ಕೊನೆಯ ಮಾತನ್ನು ನಾನು ಅಳೆದು ಹೇಳಬೇಕು. 2021ರಲ್ಲಿ ಸ್ವೀಡನ್‌ನಲ್ಲಿ ಇಂಥದ್ದೇ ಪ್ರಯೋಗವನ್ನು ಮತ್ತೆ ಮಾಡಿದಾಗ ಪಕ್ಷಪಾತ ಕಂಡಿತು, ಆದರೆ ಲೆಕ್ಕ ಬಲ್ಲವರಲ್ಲಿ ಅದು ಜಾಸ್ತಿ ಎನ್ನುವುದು ಕಾಣಲಿಲ್ಲ. ಹಾಗಾಗಿ ‘ಬುದ್ಧಿವಂತರೇ ಹೆಚ್ಚು ಕುರುಡರು’ ಅಂತ ಘೋಷಣೆ ಕೂಗುವುದು ಬೇಡ. ‘ಬುದ್ಧಿ ಇದ್ದರೆ ಪಾರಾಗಬಹುದು’ ಅನ್ನುವ ನಂಬಿಕೆಯನ್ನು ಮಾತ್ರ ಬಿಡೋಣ. ನನಗೆ ಇಷ್ಟು ಸಾಕು.

ಈಗ ಒಂದು ಪ್ರಶ್ನೆ. ಹಾಗೆ ಎಡವಿದವರು ನಿಜಕ್ಕೂ ದಡ್ಡತನ ಮಾಡಿದರಾ?

ಯೋಚಿಸಿ. ಒಬ್ಬ ಸಾಮಾನ್ಯ ಮತದಾರನಿಗೆ ಬಂದೂಕಿನ ಕಾನೂನಿನ ಬಗ್ಗೆ ತಪ್ಪು ಅಭಿಪ್ರಾಯ ಇದ್ದರೆ ಏನು ನಷ್ಟ? ಏನೂ ಇಲ್ಲ. ಅವನೊಬ್ಬನ ಅಭಿಪ್ರಾಯದಿಂದ ಕಾನೂನು ಬದಲಾಗುವುದಿಲ್ಲ. ಆದರೆ ಅವನು ಸರಿಯಾದ ಅಭಿಪ್ರಾಯಕ್ಕೆ ಬಂದು, ಅದು ಅವನ ಸುತ್ತ ಇರುವ ಎಲ್ಲರ ಅಭಿಪ್ರಾಯಕ್ಕೆ ವಿರುದ್ಧವಾಗಿದ್ದರೆ? ಗೆಳೆಯರ ಗುಂಪಿನಲ್ಲಿ ಮಾತು ನಿಲ್ಲುತ್ತದೆ. ‘ಇವನಿಗೇನಾಯಿತು’ ಅಂತ ಹಿಂದಿನಿಂದ ಆಡಿಕೊಳ್ಳುತ್ತಾರೆ. ವಾಟ್ಸಾಪ್ ಗುಂಪಿನಲ್ಲಿ ಅವನು ಹಾಕಿದ ಸಂದೇಶಕ್ಕೆ ಯಾರೂ ಉತ್ತರ ಕೊಡುವುದಿಲ್ಲ. ತಪ್ಪಾಗಿರುವುದಕ್ಕೆ ಖರ್ಚು ಸೊನ್ನೆ, ಒಂಟಿಯಾಗುವುದಕ್ಕೆ ಖರ್ಚು ಬಹಳ. ಈ ಲೆಕ್ಕದಲ್ಲಿ ಅವನು ಎಡವಿಲ್ಲ, ಅಲ್ವಾ? ಕಹಾನ್ ಹೇಳುವುದೂ ಹೆಚ್ಚುಕಡಿಮೆ ಇದನ್ನೇ.

ಇವತ್ತು ನಾನು ಹೇಳಬೇಕೆಂದಿರುವುದು ಇದೊಂದೇ. ಸಿದ್ಧಾಂತ ನಮ್ಮ ಗುರುತಾಗುವುದು ಅದರ ವಿಚಾರಗಳು ನಮ್ಮೊಳಗೆ ಆಳವಾಗಿ ಇಳಿದಿವೆ ಅಂತಲ್ಲ. ಎಷ್ಟೋ ಸಲ ವಿಚಾರಗಳು ಇಳಿದೇ ಇರುವುದಿಲ್ಲ. ಇಳಿದಿರುವುದು ಜನ. ಆ ವಿಚಾರದ ಜೊತೆಗೆ ನಮ್ಮ ಬದುಕಿಗೆ ಬಂದ ಜನ.

ಗುಂಪು ಅನ್ನುವುದಕ್ಕೆ ಎಷ್ಟು ಕಡಿಮೆ ಬಂಡವಾಳ ಸಾಕು ಅಂತ ತೋರಿಸಿದವರು ಹೆನ್ರಿ ತಾಜ್‌ಫೆಲ್. ಅವರ ಕತೆ ಮೊದಲು ಹೇಳುತ್ತೇನೆ, ಪ್ರಯೋಗಕ್ಕಿಂತ ಅದು ದೊಡ್ಡದು. 1919ರಲ್ಲಿ ಪೋಲೆಂಡಿನ ಯಹೂದಿ ಮನೆಯಲ್ಲಿ ಹುಟ್ಟಿದರು. ರಸಾಯನಶಾಸ್ತ್ರ ಓದಲು ಫ್ರಾನ್ಸಿಗೆ ಹೋದರು. ಯುದ್ಧ ಶುರುವಾದಾಗ ಫ್ರೆಂಚ್ ಸೇನೆ ಸೇರಿ 1940ರಲ್ಲಿ ಜರ್ಮನ್ನರ ಕೈಗೆ ಸಿಕ್ಕಿಬಿದ್ದರು. ಸೆರೆಯಲ್ಲಿದ್ದಷ್ಟು ಕಾಲ ತಾನು ಪೋಲೆಂಡಿನವನು ಎನ್ನುವುದನ್ನು ಮುಚ್ಚಿಟ್ಟು ಫ್ರೆಂಚ್ ಪ್ರಜೆ ಎಂದೇ ಹೇಳಿಕೊಂಡರು. ನಿಜ ಗೊತ್ತಾಗಿದ್ದರೆ ಉಳಿಯುತ್ತಿರಲಿಲ್ಲ. ಮನುಷ್ಯ ಅದೇ, ಸ್ವಭಾವ ಅದೇ, ಕಾವಲುಗಾರನ ಜೊತೆಗಿನ ಮಾತುಕತೆಯೂ ಅದೇ. ಆದರೆ ಯಾವ ಪಟ್ಟಿಯಲ್ಲಿ ಹೆಸರಿದೆ ಎನ್ನುವುದರ ಮೇಲೆ ಪ್ರಾಣ ನಿಂತಿತ್ತು. ಯುದ್ಧ ಮುಗಿಸಿ ಬಂದಾಗ ಹತ್ತಿರದ ಬಂಧುಗಳು ಯಾರೂ ಬದುಕಿರಲಿಲ್ಲ.

ಮುಂದೆ ಅವರು ಮನಶ್ಶಾಸ್ತ್ರಜ್ಞರಾಗಿ ಬ್ರಿಸ್ಟಲ್‌ಗೆ ಬಂದರು. ಅಲ್ಲಿ 14-15 ವರ್ಷದ ಶಾಲಾ ಹುಡುಗರನ್ನು ಕರೆದು ಕ್ಲೀ ಮತ್ತು ಕಾಂಡಿನ್‌ಸ್ಕಿ ಎಂಬ ಇಬ್ಬರು ಕಲಾವಿದರ ಚಿತ್ರಗಳನ್ನು ತೋರಿಸಿದರು. ಯಾವುದು ಇಷ್ಟ ಎಂದು ಕೇಳಿ, ‘ನೀನು ಕ್ಲೀ ಗುಂಪು, ನೀನು ಕಾಂಡಿನ್‌ಸ್ಕಿ ಗುಂಪು’ ಅಂದರು. ನಿಜವಾಗಿ ಗುಂಪು ಮಾಡಿದ್ದು ಮನಸ್ಸಿಗೆ ಬಂದ ಹಾಗೆ, ಹುಡುಗರ ಇಷ್ಟಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಗುಂಪಿನಲ್ಲಿ ಬೇರೆ ಯಾರಿದ್ದಾರೆ ಅಂತ ಯಾರಿಗೂ ಗೊತ್ತಿಲ್ಲ. ಮಾತಿಲ್ಲ, ಭೇಟಿಯಿಲ್ಲ, ಹಳೆಯ ಜಗಳವಿಲ್ಲ. ಆಮೇಲೆ ಬೇರೆ ಇಬ್ಬರು ಹುಡುಗರಿಗೆ ಅಂಕ ಹಂಚಲು ಹೇಳಿದರು. ಒಂದೊಂದು ಅಂಕಕ್ಕೂ ಪುಡಿಗಾಸು. ತನಗೇ ಹಾಕಿಕೊಳ್ಳುವ ಹಾಗಿಲ್ಲ.

ಹಂಚುವ ಹಾಳೆ ಹೇಗಿತ್ತು ನೋಡಿ. ಒಂದು ತುದಿಯಲ್ಲಿ ತನ್ನ ಗುಂಪಿನವನಿಗೆ 7, ಎದುರು ಗುಂಪಿನವನಿಗೆ 1. ನಡುವೆ 13-13. ಇನ್ನೊಂದು ತುದಿಯಲ್ಲಿ ತನ್ನವನಿಗೆ 19, ಎದುರಿನವನಿಗೆ 25. ತನ್ನ ಗುಂಪಿಗೆ ಲಾಭ ಆಗಬೇಕು ಅಂತಿದ್ದರೆ 19ಕ್ಕೆ ಗುರುತು ಹಾಕಬೇಕು, ಮುಗಿಯಿತು. ದುಡ್ಡು ಕೊಡುವವರು ಪ್ರಯೋಗ ನಡೆಸುವವರು, ಎದುರಿನವನಿಗೆ 25 ಹೋದರೆ ಇವನ ಜೇಬಿಂದೇನೂ ಹೋಗುವುದಿಲ್ಲ. ಆದರೂ ಹುಡುಗರು ಅಲ್ಲಿಗೆ ಹೋಗಲಿಲ್ಲ. ತಮ್ಮವನಿಗೆ ಕಡಿಮೆ ಸಿಕ್ಕರೂ ಸರಿ, ಎದುರಿನವನಿಗಿಂತ ಜಾಸ್ತಿ ಸಿಗಬೇಕು ಎನ್ನುವ ಕಡೆ ವಾಲಿದರು. ಗುಂಪು ಹುಟ್ಟಿ ಇನ್ನೂ ಸ್ವಲ್ಪ ಹೊತ್ತಾಗಿತ್ತು ಅಷ್ಟೇ.

ಇದನ್ನು ಕೇಳಿದವರು ಸಾಮಾನ್ಯವಾಗಿ ‘ಮನುಷ್ಯ ಮೂಲದಲ್ಲೇ ಹೀಗೆ’ ಅಂತ ನಿಟ್ಟುಸಿರು ಬಿಡುತ್ತಾರೆ. ನನಗೆ ಆ ನಿಟ್ಟುಸಿರು ಇಷ್ಟವಿಲ್ಲ. ಹುಡುಗರ ಮುಂದೆ ಇದ್ದದ್ದು ಅದೊಂದೇ ಗುರುತು. ಬೇರೇನೂ ಕೊಡದೆ ಒಂದೇ ಗುರುತು ಕೊಟ್ಟು, ಅದನ್ನೇ ಯಾಕೆ ಹಿಡಿದುಕೊಂಡೆ ಅಂತ ಕೇಳಿದ ಹಾಗಾಯಿತು. ಹೊರಗಿನ ಜಗತ್ತಿನಲ್ಲಿ ನಮಗೆ ಹತ್ತಾರು ಗುರುತುಗಳಿರುತ್ತವೆ. ಅದರಲ್ಲಿ ರಾಜಕೀಯದ್ದೇ ಯಾಕೆ ಎಲ್ಲದರ ಮೇಲೆ ಕೂರುತ್ತದೆ ಅನ್ನುವುದನ್ನು ಈ ಪ್ರಯೋಗ ಹೇಳುವುದಿಲ್ಲ. ಅದಕ್ಕೆ ಒಂದು ಬದುಕನ್ನು ಹತ್ತಿರದಿಂದ ನೋಡಬೇಕು.

ನಾನು ಆರಿಸಿಕೊಂಡಿರುವುದು ಎರಿಕ್ ಹಾಬ್ಸ್‌ಬಾಮ್ ಎಂಬ ಇತಿಹಾಸಕಾರನ ಬದುಕು. ಅವರ ರಾಜಕೀಯ ನಿಮಗೆ ಒಪ್ಪಿಗೆಯಾಗಬೇಕಿಲ್ಲ. 1917ರಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಹುಟ್ಟಿ, ವಿಯೆನ್ನಾದಲ್ಲಿ ಬೆಳೆದರು. 1929ರಲ್ಲಿ ಅಪ್ಪ ತೀರಿಕೊಂಡರು. 1931ರಲ್ಲಿ ಅಮ್ಮ. ಹದಿನಾಲ್ಕರ ಹುಡುಗ ಬರ್ಲಿನ್ನಿನ ಚಿಕ್ಕಪ್ಪನ ಮನೆಗೆ ಬಂದ. ಬರ್ಲಿನ್ ಆಗ ಹೊತ್ತಿ ಉರಿಯುತ್ತಿತ್ತು. ಯಹೂದಿಯಾದ್ದರಿಂದ ನಾಜಿಗಳ ಕಡೆ ಹೋಗುವ ಮಾತೇ ಇಲ್ಲ. ಬ್ರಿಟಿಷ್ ಪ್ರಜೆಯಾದ್ದರಿಂದ ಜರ್ಮನ್ ರಾಷ್ಟ್ರೀಯತೆಯೂ ಅವನದಲ್ಲ. ಶಾಲಾ ಹುಡುಗರ ಒಂದು ಕಮ್ಯುನಿಸ್ಟ್ ಸಂಘ ಅವನನ್ನು ಸೇರಿಸಿಕೊಂಡಿತು.

1933ರ ಜನವರಿ 25ರಂದು ಬರ್ಲಿನ್ನಿನಲ್ಲಿ ಕಮ್ಯುನಿಸ್ಟರ ದೊಡ್ಡ ಮೆರವಣಿಗೆ ನಡೆಯಿತು. ಕಾನೂನಿನ ಅನುಮತಿಯಲ್ಲಿ ನಡೆದ ಅವರ ಕೊನೆಯ ಮೆರವಣಿಗೆ ಅದು. ಮೈ ಕೊರೆಯುವ ಚಳಿ. ಗಂಟೆಗಟ್ಟಲೆ ನಡಿಗೆ, ಹಾಡು, ಮತ್ತೆ ನಡಿಗೆ. ಐದೇ ದಿನಕ್ಕೆ, ಜನವರಿ 30ಕ್ಕೆ, ಹಿಟ್ಲರ್ ಚಾನ್ಸಲರ್ ಆದ. ಅದೇ ವರ್ಷ ಹುಡುಗ ಲಂಡನ್ನಿಗೆ ಹೋದ. ಮುಪ್ಪಿನಲ್ಲಿ ಆತ್ಮಕತೆ ಬರೆದಾಗಲೂ ಆ ಚಳಿ, ಆ ಹಾಡು, ಎಲ್ಲರ ಜೊತೆ ಹೆಜ್ಜೆ ಹಾಕಿದ ಆ ಅನುಭವ ಅವರಿಗೆ ನೆನಪಿತ್ತು.

ತಂದೆ ತಾಯಿ ಇಲ್ಲದ ಹುಡುಗನಿಗೆ ಅವತ್ತು ಸಿಕ್ಕಿದ್ದು ಬರೀ ಆರ್ಥಿಕ ಸಿದ್ಧಾಂತವಾ? ಪುಸ್ತಕ ಓದಿ ಸಿದ್ಧಾಂತವನ್ನು ತಿಳಿದುಕೊಂಡದ್ದು ಬಹುಪಾಲು ಆಮೇಲೆ. ಮೊದಲು ಸಿಕ್ಕಿದ್ದು ‘ನಮ್ಮವರು’.

ಈಗ 1956ಕ್ಕೆ ಬನ್ನಿ. ಫೆಬ್ರವರಿ 25ರಂದು ಮಾಸ್ಕೋದಲ್ಲಿ ಸೋವಿಯತ್ ನಾಯಕ ಕ್ರುಶ್ಚೇವ್ ಮುಚ್ಚಿದ ಬಾಗಿಲ ಹಿಂದೆ ಸ್ಟಾಲಿನ್ನನ ಅಪರಾಧಗಳ ಬಗ್ಗೆ ಮಾತಾಡಿದರು. ಸುದ್ದಿ ಹೊರಬಿತ್ತು. ನವೆಂಬರ್‌ನಲ್ಲಿ ಸೋವಿಯತ್ ಟ್ಯಾಂಕುಗಳು ಹಂಗೆರಿಯ ದಂಗೆಯನ್ನು ಹೊಸಕಿ ಹಾಕಿದವು. ಜಗತ್ತಿನ ಕಮ್ಯುನಿಸ್ಟರಿಗೆ ಅದು ಪರೀಕ್ಷೆಯ ವರ್ಷ. ಶತ್ರುಗಳು ಹೇಳಿದ್ದನ್ನು ಸುಳ್ಳು ಅನ್ನಬಹುದಿತ್ತು. ಈಗ ಹೇಳುತ್ತಿರುವುದು ಸ್ವತಃ ಪಕ್ಷದ ಮುಖ್ಯಸ್ಥ.

ಬ್ರಿಟನ್ನಿನಲ್ಲಿ ಇಬ್ಬರು ಇತಿಹಾಸಕಾರರು, ಒಂದೇ ಪಕ್ಷ, ಒಂದೇ ಸುದ್ದಿ. ಇ. ಪಿ. ಥಾಂಪ್ಸನ್ ಭಿನ್ನಮತದ ಪತ್ರಿಕೆ ತಂದು, ಪಕ್ಷದ ಜೊತೆ ಜಗಳವಾಡಿ, ಹೊರಗೆ ನಡೆದರು. ಹಾಬ್ಸ್‌ಬಾಮ್ ಪ್ರತಿಭಟನೆಯ ಪತ್ರಕ್ಕೆ ಸಹಿ ಹಾಕಿದರು, ಆದರೆ ಪಕ್ಷ ಬಿಡಲಿಲ್ಲ. 1991ರಲ್ಲಿ ಪಕ್ಷವೇ ಬಾಗಿಲು ಹಾಕುವ ಹೊತ್ತಿನವರೆಗೂ ಉಳಿದರು. ಯಾಕೆ ಅಂತ ಬದುಕಿನುದ್ದಕ್ಕೂ ಅವರನ್ನು ಕೇಳಿದ್ದಾರೆ. ಅವರು ಕೊಟ್ಟ ಕಾರಣಗಳನ್ನು ಗಮನಿಸಿ. ಪಕ್ಷ ಬಿಟ್ಟು ಕಮ್ಯುನಿಸಮ್ಮಿನ ವಿರೋಧಿಗಳಾದವರ ಸಾಲಿನಲ್ಲಿ ನಿಲ್ಲಲು ಇಷ್ಟವಿರಲಿಲ್ಲ. ಈ ಗುರಿಗಾಗಿ ಎಲ್ಲ ಕಳೆದುಕೊಂಡವರ ನೆನಪಿಗೆ ದ್ರೋಹ ಮಾಡಲು ಮನಸ್ಸಿರಲಿಲ್ಲ. ಜೊತೆಗೆ ಒಂದು ಹಟ. ಕಮ್ಯುನಿಸ್ಟ್ ಎಂಬ ಹಣೆಪಟ್ಟಿ ಇಟ್ಟುಕೊಂಡೇ ಗೆದ್ದು ತೋರಿಸಬೇಕು ಅಂತ. ಮೂರರಲ್ಲಿ ಒಂದಾದರೂ ಸಿದ್ಧಾಂತದ ಸರಿತಪ್ಪಿನ ಮಾತಾ? ಅಲ್ಲ. ಯಾರ ಜೊತೆ ನಿಲ್ಲುತ್ತೇನೆ, ಯಾರ ಮುಖ ನೋಡಬೇಕಾಗುತ್ತದೆ, ನನ್ನ ಬಗ್ಗೆ ನನಗೇ ಏನನ್ನಿಸುತ್ತದೆ. ಅಷ್ಟೇ.

ಇದನ್ನು ಹೇಳಿ ಹಾಬ್ಸ್‌ಬಾಮ್ ಅವರನ್ನು ಸಣ್ಣವರನ್ನಾಗಿ ಮಾಡುತ್ತಿಲ್ಲ. ಕಾರಣವನ್ನು ಇಷ್ಟು ನೇರವಾಗಿ ಒಪ್ಪಿಕೊಂಡವರು ಕಡಿಮೆ. ಹಾಗೆಯೇ ಥಾಂಪ್ಸನ್ ‘ಗುರುತು ಮೀರಿದವರು’ ಅಂತಲೂ ತಿಳಿಯಬೇಡಿ. ಅವರು ಒಬ್ಬರೇ ಹೊರಬರಲಿಲ್ಲ. ಜೊತೆಗೆ ಇನ್ನೊಬ್ಬ ಇತಿಹಾಸಕಾರ ಜಾನ್ ಸಾವಿಲ್ ಬಂದರು, ಇನ್ನೂ ಅನೇಕರು ಬಂದರು. ಎಲ್ಲರೂ ಸೇರಿ ಹೊಸ ಎಡಪಂಥ ಕಟ್ಟಿದರು. 1980ರ ದಶಕದಲ್ಲಿ ಅಣ್ವಸ್ತ್ರ ವಿರೋಧಿ ಚಳವಳಿಯ ಮುಂದಿನ ಸಾಲಿನಲ್ಲಿ ಥಾಂಪ್ಸನ್ ಇದ್ದರು. ಬಾಗಿಲು ದಾಟುವಾಗ ಆಚೆ ಕಡೆ ನಿಲ್ಲಲು ಜಾಗ ಇತ್ತು, ಜನ ಇದ್ದರು.

ಹರೆಯದಲ್ಲಿ ಹಿಡಿದದ್ದು ಯಾಕಿಷ್ಟು ಗಟ್ಟಿ? ಇದಕ್ಕೆ ಅಮೆರಿಕದ ವರ್ಮಾಂಟಿನ ಬೆನ್ನಿಂಗ್‌ಟನ್ ಕಾಲೇಜಿನ ಅಧ್ಯಯನ ಒಳ್ಳೆಯ ಸಾಕ್ಷಿ. 1930ರ ದಶಕದಲ್ಲಿ ಅದು ಹೊಸ ಮಹಿಳಾ ಕಾಲೇಜು. ಹುಡುಗಿಯರು ಬಂದದ್ದು ಅನುಕೂಲಸ್ಥ, ಹೆಚ್ಚಾಗಿ ಸಂಪ್ರದಾಯವಾದಿ ಮನೆಗಳಿಂದ. ಪಾಠ ಹೇಳುವವರು ಉದಾರವಾದಿಗಳು. ಅಲ್ಲೇ ಕಲಿಸುತ್ತಿದ್ದ ಥಿಯೋಡರ್ ನ್ಯೂಕಾಂಬ್ ಹುಡುಗಿಯರ ರಾಜಕೀಯ ಒಲವನ್ನು ವರ್ಷ ವರ್ಷವೂ ದಾಖಲಿಸಿದರು. 1936ರ ಅಧ್ಯಕ್ಷ ಚುನಾವಣೆಯಲ್ಲಿ ಮೊದಲ ವರ್ಷದವರಲ್ಲಿ ಹೆಚ್ಚಿನವರ ಆಯ್ಕೆ ಅಪ್ಪ ಅಮ್ಮನ ರಿಪಬ್ಲಿಕನ್ ಪಕ್ಷವೇ. ಕೊನೆಯ ವರ್ಷಗಳಿಗೆ ಬಂದವರಲ್ಲಿ ಅಂಥವರು ತೀರಾ ಕಡಿಮೆ. ಬದಲಾದವರು ಯಾರು? ಕಾಲೇಜಿನ ಓಡಾಟದಲ್ಲಿ ಬೆರೆತವರು, ಅಲ್ಲಿ ಮೆಚ್ಚುಗೆ ಬಯಸಿದವರು. ಮನೆಯ ನಂಟನ್ನೇ ಗಟ್ಟಿಯಾಗಿ ಇಟ್ಟುಕೊಂಡವರು ಬದಲಾಗಲಿಲ್ಲ.

ಅವರನ್ನೇ 1960ರ ದಶಕದಲ್ಲಿ ಮತ್ತೆ ಹುಡುಕಿ ಮಾತಾಡಿಸಿದರು. ಬಹುಪಾಲು ಮಂದಿ ಕಾಲೇಜಿನಲ್ಲಿ ತಲುಪಿದ ನಿಲುವಿನಲ್ಲೇ ಇದ್ದರು. ಅದಕ್ಕೆ ನ್ಯೂಕಾಂಬ್ ಕಂಡ ಕಾರಣ ಸರಳ. ಅವರು ತಮ್ಮಂತೆಯೇ ಯೋಚಿಸುವವರನ್ನು ಮದುವೆಯಾಗಿದ್ದರು, ಅಂಥವರನ್ನೇ ಸ್ನೇಹಿತರನ್ನಾಗಿ ಮಾಡಿಕೊಂಡಿದ್ದರು. ನಾವು ಅಭಿಪ್ರಾಯವನ್ನು ತಲೆಯಲ್ಲಿ ಇಟ್ಟುಕೊಂಡಿದ್ದೇವೆ ಅಂದುಕೊಳ್ಳುತ್ತೇವೆ. ಅದು ಇರುವುದು ನಮ್ಮ ಮನೆಯಲ್ಲಿ, ನಮ್ಮ ಫೋನಿನ ಕಾಂಟ್ಯಾಕ್ಟ್ ಪಟ್ಟಿಯಲ್ಲಿ.

‘ತಾನು ಹಿಡಿದ ಮೊಲಕ್ಕೆ ಮೂರೇ ಕಾಲು’ ಅನ್ನುತ್ತೇವಲ್ಲ. ರಾಜಕೀಯದ ಸಂಗತಿ ಅದಕ್ಕಿಂತ ವಿಚಿತ್ರ. ಇಲ್ಲಿ ಮೊಲಕ್ಕೆ ಎಷ್ಟು ಕಾಲು ಅಂತ ಪಕ್ಷ ಹೇಳುವವರೆಗೆ ನಮಗೇ ಗೊತ್ತಿರುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಜೆಫ್ರಿ ಕೋಹೆನ್ 2003ರಲ್ಲಿ ಪ್ರಕಟಿಸಿದ ಪ್ರಯೋಗಗಳನ್ನು ನೋಡಿ. ವಿದ್ಯಾರ್ಥಿಗಳ ಮುಂದೆ ಬಡವರಿಗೆ ನೆರವು ಕೊಡುವ ಸರ್ಕಾರಿ ಯೋಜನೆಯ ಎರಡು ರೂಪಗಳಿದ್ದವು. ಒಂದು ಧಾರಾಳ, ಇನ್ನೊಂದು ಬಿಗಿ. ಪಕ್ಷದ ಹೆಸರಿಲ್ಲದೆ ಕೊಟ್ಟಾಗ ಉದಾರವಾದಿಗಳು ಧಾರಾಳದ್ದನ್ನು, ಸಂಪ್ರದಾಯವಾದಿಗಳು ಬಿಗಿಯಾದದ್ದನ್ನು ಮೆಚ್ಚಿದರು. ‘ಇದನ್ನು ನಿಮ್ಮ ಪಕ್ಷ ಬೆಂಬಲಿಸಿದೆ’ ಎಂದು ಸೇರಿಸಿದಾಗ ಯೋಜನೆಯೊಳಗೆ ಏನಿದೆ ಎನ್ನುವುದು ಲೆಕ್ಕಕ್ಕೇ ಬರಲಿಲ್ಲ. ಉದಾರವಾದಿಗಳು ಬಿಗಿ ಯೋಜನೆಯನ್ನು ಒಪ್ಪಿದರು. ಸಂಪ್ರದಾಯವಾದಿಗಳು ಧಾರಾಳ ಯೋಜನೆಯನ್ನು ಒಪ್ಪಿದರು. ಯಾಕೆ ಅಂತ ಕೇಳಿದರೆ, ಯೋಜನೆಯ ವಿವರ ನೋಡಿ ತೀರ್ಮಾನಿಸಿದೆವು, ಪಕ್ಷದ್ದೇನೂ ಪ್ರಭಾವ ಇಲ್ಲ ಅಂದರು. ಬೇರೆಯವರು ಮಾತ್ರ ಪಕ್ಷ ನೋಡಿ ಹೇಳುತ್ತಾರಂತೆ!

ಇವರು ಸುಳ್ಳು ಹೇಳುತ್ತಿರಲಿಲ್ಲ ಅಂತಲೇ ನನ್ನ ನಂಬಿಕೆ. ನಾವು ವಿಶ್ವಾಸ ಇಟ್ಟ ಜನ ಒಂದು ಯೋಜನೆಯನ್ನು ಬೆಂಬಲಿಸಿದ್ದಾರೆ ಅಂತ ಗೊತ್ತಾದ ಕೂಡಲೇ ಅದರಲ್ಲಿನ ಒಳ್ಳೆಯ ಸಾಲುಗಳು ಕಣ್ಣಿಗೆ ಬೀಳತೊಡಗುತ್ತವೆ. ಆಮೇಲೆ ನೆನಪಿರುವುದು ಆ ಸಾಲುಗಳು. ಬೆಂಬಲಿಸಿದವರ ಹೆಸರು ಮರೆತುಹೋಗಿರುತ್ತದೆ.

ಮಿಷಿಗನ್ ವಿಶ್ವವಿದ್ಯಾಲಯದ ಆಂಗಸ್ ಕ್ಯಾಂಪ್‌ಬೆಲ್, ಫಿಲಿಪ್ ಕಾನ್ವರ್ಸ್ ಮತ್ತು ಜೊತೆಗಾರರು 1960ರಲ್ಲೇ ಈ ಕಡೆ ಬೆರಳು ತೋರಿಸಿದ್ದರು. ಪಕ್ಷ ಅನ್ನುವುದು ಮತದಾರನಿಗೆ ಮನಸ್ಸಿನ ನಂಟು, ಹೆಚ್ಚಾಗಿ ಮನೆಯಿಂದಲೇ ಬರುತ್ತದೆ ಅಂದರು. ಬಹಳಷ್ಟು ಮತದಾರರಿಗೆ ಎಡ-ಬಲ ಅನ್ನುವ ಒಂದಕ್ಕೊಂದು ಹೊಂದುವ ವಿಚಾರಗಳ ಸರಣಿಯೇ ಇಲ್ಲ ಅಂತ ಕಾನ್ವರ್ಸ್ 1964ರಲ್ಲಿ ಬರೆದರು. ರಾಜಕೀಯ ಪಂಡಿತರಿಗೆ ಅದು ಬೇಸರ ತಂದಿತು. ಈಚೆಗೆ, 2018ರಲ್ಲಿ, ಅಮೆರಿಕದ ರಾಜಕೀಯ ವಿಜ್ಞಾನಿ ಲಿಲಿಯಾನಾ ಮೇಸನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ತನ್ನನ್ನು ‘ಉದಾರವಾದಿ’ ಅಥವಾ ‘ಸಂಪ್ರದಾಯವಾದಿ’ ಎಂದು ಕರೆದುಕೊಳ್ಳುವ ತೀವ್ರತೆಯೇ ಎದುರಿನವರನ್ನು ದೂರ ಇಡಲು ಸಾಕು. ಒಂದೊಂದು ವಿಷಯದ ಮೇಲೆ ಅವನ ನಿಲುವು ಎಷ್ಟು ತೀವ್ರ ಎನ್ನುವುದಕ್ಕಿಂತ ಹಣೆಪಟ್ಟಿ ಎಷ್ಟು ಗಟ್ಟಿ ಎನ್ನುವುದೇ ಹೆಚ್ಚು ಕೆಲಸ ಮಾಡುತ್ತದೆ.

ಮೇಸನ್ ಅವರ ಇನ್ನೊಂದು ಮಾತು ನನಗೆ ಇದಕ್ಕಿಂತ ಮುಖ್ಯ ಅನ್ನಿಸುತ್ತದೆ. ಒಬ್ಬನ ಪಕ್ಷ ಒಂದು, ಅವನ ಪ್ರಾರ್ಥನಾ ಮಂದಿರದಲ್ಲಿ ಎರಡೂ ಪಕ್ಷದವರು, ಕೆಲಸದ ಜಾಗದಲ್ಲಿ ಎರಡೂ ಪಕ್ಷದವರು, ಪಕ್ಕದ ಮನೆಯವರು ಎದುರು ಪಕ್ಷ. ಹೀಗಿದ್ದಾಗ ಚುನಾವಣೆ ಸೋತರೆ ಅವನ ಒಂದು ಗುರುತು ಮಾತ್ರ ಸೋಲುತ್ತದೆ. ನಾಳೆ ಬೆಳಗ್ಗೆ ಅವನು ಬೇರೆ ಗುರುತುಗಳ ಜೊತೆ ಏಳುತ್ತಾನೆ. ಆದರೆ ಧರ್ಮ, ಜನಾಂಗ, ವಾಸದ ಜಾಗ, ಉದ್ಯೋಗ, ಪಕ್ಷ ಎಲ್ಲವೂ ಒಂದೇ ಗೆರೆಯಲ್ಲಿ ಸಾಲಾಗಿ ನಿಂತರೆ? ಆಗ ಪಕ್ಷ ಸೋತರೆ ಎಲ್ಲವೂ ಸೋತ ಹಾಗೆ. ಒಂದು ಟೀಕೆ ಬಂದರೆ ಎಲ್ಲಕ್ಕೂ ತಗಲುತ್ತದೆ. ಸಿದ್ಧಾಂತ ಮನುಷ್ಯನನ್ನು ನುಂಗುವುದು ಹೀಗೆ. ಅದು ಬಲವಾಗಿದೆ ಅಂತಲ್ಲ, ಉಳಿದ ಗುರುತುಗಳು ಅದಕ್ಕೆ ಅಡ್ಡ ನಿಲ್ಲುವುದನ್ನು ಬಿಟ್ಟಿವೆ ಅಂತ.

ಅಮೆರಿಕದ ಒಂದು ಹಳೆಯ ಪ್ರಶ್ನೆ ಇದೆ. ನಿಮ್ಮ ಮಗನೋ ಮಗಳೋ ಎದುರು ಪಕ್ಷದವರನ್ನು ಮದುವೆಯಾದರೆ ನಿಮಗೆ ಬೇಸರವಾ? 1960ರಲ್ಲಿ ಬೇಸರ ಅಂದವರು ಎರಡೂ ಪಕ್ಷಗಳಲ್ಲಿ ಸುಮಾರು ಶೇಕಡ 5. 2010ರಲ್ಲಿ ರಿಪಬ್ಲಿಕನ್ನರಲ್ಲಿ ಹೆಚ್ಚುಕಡಿಮೆ ಅರ್ಧ ಜನ, ಡೆಮಾಕ್ರಟರಲ್ಲಿ ಮೂರನೇ ಒಂದು ಭಾಗ. ಶಾಂತೋ ಅಯ್ಯಂಗಾರ್ ಮತ್ತು ಸಂಗಡಿಗರು 2012ರಲ್ಲಿ ಈ ಅಂಕಿಗಳನ್ನು ಎದುರೆದುರು ಇಟ್ಟರು.

ಇನ್ನೊಂದು ಅಂಕಿ ನನಗೆ ನಗು ತರಿಸುತ್ತದೆ, ಸ್ವಲ್ಪ ಭಯವನ್ನೂ. ಡಗ್ಲಸ್ ಆಲರ್ ಮತ್ತು ಗೌರವ್ ಸೂದ್ 2018ರಲ್ಲಿ ಪ್ರಕಟಿಸಿದ್ದು. ರಿಪಬ್ಲಿಕನ್ನರಲ್ಲಿ ವರ್ಷಕ್ಕೆ 2,50,000 ಡಾಲರಿಗಿಂತ ಹೆಚ್ಚು ಗಳಿಸುವವರು ಎಷ್ಟು ಅಂತ ಜನರನ್ನು ಕೇಳಿದರು. ಸರಾಸರಿ ಊಹೆ ಶೇಕಡ 38. ನಿಜ ಸುಮಾರು ಶೇಕಡ 2. ಡೆಮಾಕ್ರಟರಲ್ಲಿ ಸಲಿಂಗಿಗಳು, ದ್ವಿಲಿಂಗಿಗಳು ಎಷ್ಟು ಅಂದರೆ ಊಹೆ ಶೇಕಡ 32, ನಿಜ ಸುಮಾರು ಶೇಕಡ 6. ನಾವು ದ್ವೇಷಿಸುವ ಎದುರು ಪಕ್ಷದ ಮನುಷ್ಯ ಬಹುಮಟ್ಟಿಗೆ ನಮ್ಮ ತಲೆಯಲ್ಲಿ ಮಾತ್ರ ಇದ್ದಾನೆ.

ಇಷ್ಟು ಕೇಳಿದ ಮೇಲೆ ‘ಹಾಗಾದರೆ ರಾಜಕೀಯವನ್ನು ಮೈಗೆ ಅಂಟಿಸಿಕೊಳ್ಳಲೇಬಾರದು’ ಅಂತ ನಿಮಗೆ ಅನ್ನಿಸುತ್ತಿರಬಹುದು. ಇದನ್ನು ನಾನು ಒಪ್ಪುವುದಿಲ್ಲ. ಬೆಚ್ಚಗಿನ ಜಾಗದಲ್ಲಿ ಕೂತವರ ಮಾತು ಅದು.

ಬ್ರಿಟನ್ನಿನ ಮಹಿಳಾ ಮತದಾನ ಹೋರಾಟವನ್ನೇ ನೋಡಿ. ಎಮೆಲೀನ್ ಪ್ಯಾಂಕ್‌ಹರ್ಸ್ಟ್ ಮತ್ತು ಸಂಗಡಿಗರು 1903ರಲ್ಲಿ ಮ್ಯಾಂಚೆಸ್ಟರಿನಲ್ಲಿ ಸಂಘ ಕಟ್ಟಿದರು. 1908ರಲ್ಲಿ ನೇರಳೆ, ಬಿಳಿ, ಹಸಿರು ತಮ್ಮ ಬಣ್ಣ ಅಂದರು. ಆ ಬಣ್ಣದ ಪಟ್ಟಿ ತೊಟ್ಟು ಬೀದಿಗಿಳಿಯುವುದೆಂದರೆ ಮನೆಯವರ ಮುಂದೆ, ನೆರೆಹೊರೆಯವರ ಮುಂದೆ ‘ನಾನು ಇವರ ಕಡೆ’ ಅಂತ ಸಾರುವುದು. ಜೈಲಿಗೆ ಹೋಗಿ ಬಂದವರಿಗೆ ಎದೆಗೆ ಚುಚ್ಚಿಕೊಳ್ಳಲು ಒಂದು ಬ್ರೋಚ್ ಕೊಡುತ್ತಿದ್ದರು, ಬ್ರಿಟಿಷ್ ಸಂಸತ್ತಿನ ಚಿಹ್ನೆಯಾದ ಕಬ್ಬಿಣದ ಸರಳಿನ ಬಾಗಿಲಿನ ಆಕಾರದ್ದು. ಜಗತ್ತು ಅವಮಾನ ಅಂದದ್ದನ್ನು ಅವರು ಆಭರಣ ಮಾಡಿ ತೊಟ್ಟರು. 1909ರಿಂದ ಜೈಲಿನಲ್ಲಿ ಉಪವಾಸ ಶುರುವಾಯಿತು. ಸರ್ಕಾರ ಮೂಗಿಗೆ, ಬಾಯಿಗೆ ನಳಿಕೆ ತುರುಕಿ ಊಟ ಇಳಿಸಿತು. 30 ದಾಟಿದ, ಆಸ್ತಿಯ ಷರತ್ತು ಪೂರೈಸಿದ ಹೆಂಗಸರಿಗೆ ಮತ ಸಿಕ್ಕಿದ್ದು 1918ರಲ್ಲಿ. ಗಂಡಸರಿಗೆ ಸಮಾನವಾದ ಹಕ್ಕು ಸಿಕ್ಕಿದ್ದು 1928ರಲ್ಲಿ. ಬರೀ ಲಾಭ ನಷ್ಟದ ಲೆಕ್ಕ ಹಾಕುವ ಮನುಷ್ಯ ಇಷ್ಟು ವರ್ಷ ಕಾಯುವುದಿಲ್ಲ. ಮೊದಲ ದಿನವೇ ಮನೆಗೆ ಹೋಗುತ್ತಾನೆ. ಸೋಲು ಕಣ್ಣೆದುರಿಗಿದ್ದರೂ ಜನ ನಿಲ್ಲುವುದು ಆ ಹೋರಾಟವೇ ತಾವಾಗಿರುವುದರಿಂದ.

ಆ ಬ್ರೋಚಿನ ವಿನ್ಯಾಸ ಎಮೆಲೀನ್ ಅವರ ಮಗಳು ಸಿಲ್ವಿಯಾ ಪ್ಯಾಂಕ್‌ಹರ್ಸ್ಟ್ ಅವರದು. ಅವರೂ ಹಲವು ಸಲ ಜೈಲು ಕಂಡವರು, ಉಪವಾಸ ಬಿದ್ದವರು. ಆದರೆ ಅವರ ಒಲವು ಪೂರ್ವ ಲಂಡನ್ನಿನ ಕೂಲಿ ಹೆಂಗಸರ ಕಡೆಗೆ, ಕಾರ್ಮಿಕ ಚಳವಳಿಯ ಕಡೆಗೆ ಹರಿಯಿತು. 1914ರ ಜನವರಿಯಲ್ಲಿ ಸ್ವಂತ ಅಮ್ಮ ಮತ್ತು ಅಕ್ಕ ಅವರನ್ನು ಸಂಘದಿಂದ ಹೊರಗೆ ಹಾಕಿದರು. ಎದುರಾಳಿಯ ಮೇಲಿನ ಸಿಟ್ಟಿಗಿಂತ ನಮ್ಮೊಳಗೇ ಬೇರೆ ದಾರಿ ಹಿಡಿದವರ ಮೇಲಿನ ಸಿಟ್ಟು ಜಾಸ್ತಿ. ನಿಲ್ಲುವ ಬಲ ಎಲ್ಲಿಂದ ಬರುತ್ತದೋ ಹೊರಗೆ ತಳ್ಳುವ ಬಲವೂ ಅಲ್ಲಿಂದಲೇ ಬರುತ್ತದೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಪೂರ್ತಿ ಬಿಡುವ ದಾರಿ ನನಗಂತೂ ಕಂಡಿಲ್ಲ.

ಮೆದುಳಿನ ಬಗ್ಗೆ ಎರಡು ಮಾತು. ಯಾರಾದರೂ ಕೇಳಿಯೇ ಕೇಳುತ್ತೀರಿ. 2016ರಲ್ಲಿ ಜೋನಾಸ್ ಕಪ್ಲಾನ್ ಮತ್ತು ಜೊತೆಗಾರರು ಗಟ್ಟಿ ಉದಾರವಾದಿಗಳಾದ 40 ಜನರನ್ನು ಸ್ಕ್ಯಾನರಿನಲ್ಲಿ ಮಲಗಿಸಿ ಅವರ ನಂಬಿಕೆಗಳಿಗೆ ಎದುರು ವಾದ ಕೊಟ್ಟರು. ಬಲ್ಬನ್ನು ಎಡಿಸನ್ ಕಂಡುಹಿಡಿದರು ಎಂಬಂಥ ನಂಬಿಕೆಗಳು ಸ್ವಲ್ಪ ಸಡಿಲವಾದವು. ರಾಜಕೀಯದವು ಅಷ್ಟಾಗಿ ಅಲುಗಲಿಲ್ಲ. ರಾಜಕೀಯ ನಂಬಿಕೆಯನ್ನು ಕೆಣಕಿದಾಗ, ನಮ್ಮ ಬಗ್ಗೆ ನಾವೇ ಯೋಚಿಸುವಾಗ ಎಚ್ಚರಗೊಳ್ಳುವ ಭಾಗಗಳು ಹೆಚ್ಚು ಚುರುಕಾದವು. ಸುದ್ದಿಯಲ್ಲಿ ಇದಕ್ಕೆ ಬಣ್ಣ ಬಳಿದು ಹೇಳಿದ್ದೇ ಜಾಸ್ತಿ. ನಲವತ್ತು ಜನ, ಒಂದೇ ಪಂಥದವರು. ಇದರಿಂದ ನಮಗೆ ಗೊತ್ತಿಲ್ಲದ್ದೇನೂ ಗೊತ್ತಾಗಲಿಲ್ಲ ಅಂತ ನನ್ನ ಅಭಿಪ್ರಾಯ.

ಕೊನೆಯಲ್ಲಿ ಸಭಿಕರೊಬ್ಬರು ಕೇಳಿದ ಪ್ರಶ್ನೆಯನ್ನೂ ಇಲ್ಲಿ ಸೇರಿಸುತ್ತೇನೆ. ‘ನಮ್ಮಣ್ಣ ಪೂರ್ತಿ ಆ ಕಡೆ ಹೋಗಿಬಿಟ್ಟಿದ್ದಾನೆ ಸರ್. ಅಂಕಿ ಅಂಶ ಎಲ್ಲ ತೋರಿಸಿದೆ. ಕೇಳೋದೇ ಇಲ್ಲ. ಏನು ಮಾಡಲಿ?’

ನಾನು ಹೇಳಿದ್ದು ಇಷ್ಟು. ನೀವು ಅಂಕಿ ತೋರಿಸುವಾಗ ಅವರಿಗೆ ಕೇಳುವುದು ‘ಈ ಅಂಕಿ ಒಪ್ಪಿಕೋ’ ಅಂತಲ್ಲ. ‘ನಿನ್ನ ಗೆಳೆಯರನ್ನು ಬಿಡು, ಹತ್ತು ವರ್ಷ ನೀನು ಆಡಿದ ಮಾತೆಲ್ಲ ತಪ್ಪು ಅನ್ನು, ನನ್ನ ಮುಂದೆ ಸೋತೆ ಅಂತ ಒಪ್ಪಿಕೋ’ ಅಂತ. ಒಂದು ಅಂಕಿಗೆ ಅದು ತೀರಾ ದುಬಾರಿ. ನಿಮ್ಮ ಜೊತೆ ಜಗಳವಾದ ದಿನ ಅವರು ತಮ್ಮ ಗುಂಪಿನ ಕಡೆಗೆ ಇನ್ನೂ ಒಂದು ಹೆಜ್ಜೆ ಹೋಗುತ್ತಾರೆ. ಅಲ್ಲಿ ಅವರಿಗೆ ‘ನೀನು ಸರಿ’ ಅನ್ನುವವರಿದ್ದಾರೆ.

‘ಹಾಗಾದರೆ ಸುಮ್ನಿರಬೇಕಾ?’ ಅಂದರು. ಬೇಡ. ಡೇವಿಡ್ ಬ್ರೂಕ್‌ಮನ್ ಮತ್ತು ಜೋಶುವಾ ಕಲ್ಲಾ 2016ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. ಮಯಾಮಿಯಲ್ಲಿ 501 ಮತದಾರರ ಮೇಲೆ ನಡೆದದ್ದು. ಸ್ವಯಂಸೇವಕರು ಮನೆ ಬಾಗಿಲಿಗೆ ಹೋಗಿ, ಲಿಂಗ ಪರಿವರ್ತಿತರ ಬಗ್ಗೆ ಸುಮಾರು ಹತ್ತು ನಿಮಿಷ ಮಾತಾಡಿದರು. ವಾದ ಮಾಡಲಿಲ್ಲ. ನೀವು ಬೇರೆಯವರಿಗಿಂತ ಭಿನ್ನ ಅಂತ ಯಾರಾದರೂ ನಿಮ್ಮನ್ನು ಹೀನಾಯವಾಗಿ ಕಂಡದ್ದು ಇದೆಯಾ ಅಂತ ಕೇಳಿದರು. ಉತ್ತರವನ್ನು ಪೂರ್ತಿ ಕೇಳಿದರು. ಮೂರು ತಿಂಗಳ ನಂತರ ನೋಡಿದಾಗಲೂ ಪೂರ್ವಗ್ರಹ ಕಡಿಮೆಯಾಗಿದ್ದದ್ದು ಹಾಗೇ ಉಳಿದಿತ್ತು. ಅವರೇ 2020ರಲ್ಲಿ ಇನ್ನಷ್ಟು ಪ್ರಯೋಗಗಳನ್ನು ಪ್ರಕಟಿಸಿದರು. ತೀರ್ಪು ಕೊಡದೆ ಅನುಭವ ಹೇಳಿ ಕೇಳುವ ಭಾಗವನ್ನು ತೆಗೆದು, ವಾದಗಳನ್ನು ಮಾತ್ರ ಒಪ್ಪಿಸಿದಾಗ ಪರಿಣಾಮ ಕಾಣಲಿಲ್ಲ.

ಇದು ಪೂರ್ವಗ್ರಹದ ಮೇಲೆ ನಡೆದ ಕೆಲಸ, ಯಾರೂ ಇದರಿಂದ ಪಕ್ಷ ಬದಲಿಸಿದ್ದಲ್ಲ. ಅಣ್ಣನನ್ನು ನಿಮ್ಮ ಪಕ್ಷಕ್ಕೆ ತರುವ ಉಪಾಯ ಅಂತ ಇದನ್ನು ತೆಗೆದುಕೊಂಡು ಹೋಗಬೇಡಿ ಅಂದೆ. ‘ಅವನ ಅನುಭವ ಕೇಳಬೇಕಾದರೆ ಮೊದಲು ಅವನು ನನ್ನ ಫೋನ್ ಎತ್ತಬೇಕಲ್ಲ’ ಅಂದರು ಅವರು. ಸಭೆ ನಕ್ಕಿತು. ಎಷ್ಟು ದಿನದಿಂದ ಮಾತು ಬಿಟ್ಟಿದ್ದೀರಿ ಅಂತ ಕೇಳಿದೆ. ಕಳೆದ ಚುನಾವಣೆಯಿಂದ ಅಂದರು. ಯಾರು ಮೊದಲು ಬಿಟ್ಟಿದ್ದು ಅಂದೆ. ಅದಕ್ಕೆ ಅವರು ಉತ್ತರ ಕೊಡುವ ಮೊದಲೇ ಹಿಂದಿನ ಸಾಲಿನಿಂದ ಇನ್ನೊಬ್ಬರು ಎದ್ದು, ನಮ್ಮ ಮನೆಯಲ್ಲೂ ಇದೇ ಕತೆ ಅಂತ ಶುರು ಮಾಡಿದರು. ಸಂಘಟಕರು ಸಮಯ ಆಯಿತು ಅಂತ ಚೀಟಿ ಕೊಟ್ಟರು.